ಬೆರಳಿಗೆ ಮೊದಲು ಗುರುತು ಸಿಗಲಿ

ಆಷಾಢದ ಮಳೆ ತಗಡಿನ ಮಾಡಿನ ಮೇಲೆ ಬಡಿಯತೊಡಗಿದರೆ ಶಿರಸಿಯ ನನ್ನ ತರಗತಿಯಲ್ಲಿ ಸ್ಕ್ರೀನ್ ರೀಡರಿನ, ಅಂದರೆ ಕಂಪ್ಯೂಟರ್ ಪರದೆಯನ್ನು ಓದಿ ಹೇಳುವ ತಂತ್ರಾಂಶದ, ದನಿ ಕೇಳಿಸುವುದಿಲ್ಲ. ಇಯರ್‌ಫೋನ್ ಹಾಕಿದರೂ ಅರ್ಧ ಮಾತು ಮಳೆಯ ಪಾಲು. ಅಂಥ ದಿನ ಅಂಧ ವಿದ್ಯಾರ್ಥಿಗಳ ಕೈ ತಾನಾಗಿ ಬ್ರೈಲ್ ಡಿಸ್‌ಪ್ಲೇಯತ್ತ, ಅಂದರೆ ಪರದೆಯ ಮಾತನ್ನು ಏಳುವ ಚುಕ್ಕೆಗಳ ಒಂದು ಸಾಲಾಗಿ ಬೆರಳಿಗೆ ಕೊಡುವ ಯಂತ್ರದತ್ತ, ಹೋಗುತ್ತದೆ. ದೃಷ್ಟಿಯ ಜೊತೆಗೆ ಶ್ರವಣವೂ ಇಲ್ಲದವರಿಗಂತೂ ವರ್ಷವಿಡೀ ಅದೊಂದೇ ದಾರಿ.

ಮೊನ್ನೆ ದೇವಿಮನೆ ಘಟ್ಟ ಹತ್ತಿ ಕುಮಟಾದಿಂದ ಬಂದ ಹುಡುಗನೊಬ್ಬ, ಆನ್‌ಲೈನ್ ಅರ್ಜಿ ಮುಂದೆ ಹೋಗುತ್ತಿಲ್ಲ ಎಂದ. ಎಲ್ಲ ತುಂಬಿದ್ದಾನೆ, ಕೊನೆಯ ಚೆಕ್ ಬಾಕ್ಸಿನ ಮೇಲೆ ಸ್ಪೇಸ್ ಒತ್ತಿದ್ದಾನೆ. ಬೆರಳಡಿ ಒಂದು ಚುಕ್ಕೆಯೂ ಅಲುಗಲಿಲ್ಲ. ತಾಗಲಿಲ್ಲವೇನೋ ಎಂದು ಮತ್ತೊಮ್ಮೆ ಒತ್ತಿದ. ಬಿದ್ದಿದ್ದ ಗುರುತು ಅಳಿಸಿಹೋಯಿತು.

ತಪ್ಪು ಅವನದಲ್ಲ. ಆ ಪೆಟ್ಟಿಗೆಯ ಹೆಸರು ಹೀಗೆ ಆರಂಭವಾಗುತ್ತಿತ್ತು: ‘ಮೇಲೆ ನಮೂದಿಸಿದ ವಿವರಗಳೆಲ್ಲ ನನಗೆ ತಿಳಿದ ಮಟ್ಟಿಗೆ...’ ಚುಕ್ಕೆಗಳ ಒಂದು ಗುಂಪಿಗೆ ಸೆಲ್ ಎನ್ನುತ್ತಾರೆ; ಪುಸ್ತಕದಲ್ಲಿ ಅದಕ್ಕೆ ಆರು ಚುಕ್ಕೆ, ಡಿಸ್‌ಪ್ಲೇಯಲ್ಲಿ ಎಂಟು. ಕನ್ನಡ ಬ್ರೈಲಿನಲ್ಲಿ ವ್ಯಂಜನಕ್ಕೊಂದು ಸೆಲ್, ಸ್ವರಕ್ಕೊಂದು ಸೆಲ್, ಒತ್ತಕ್ಷರ ಬಂದರೆ ಇನ್ನೊಂದು. ಅವನ ಡಿಸ್‌ಪ್ಲೇಯ 40 ಸೆಲ್‌ಗಳು ‘ಮಟ್ಟಿಗೆ’ ಮುಗಿಯುವ ಮೊದಲೇ ತುಂಬಿಹೋಗುತ್ತವೆ. ಪೆಟ್ಟಿಗೆ ಆಯ್ಕೆಯಾಗಿದೆಯೋ ಇಲ್ಲವೋ ಎಂದು ಹೇಳುವ ಸ್ಥಿತಿಯ ಗುರುತು ಹೆಸರೆಲ್ಲ ಮುಗಿದ ಮೇಲೆ ಬರುತ್ತದೆ. ಅಂದರೆ ಅದು ಬದಲಾದದ್ದು ನಿಜ, ಆದರೆ ಬೆರಳು ಮುಟ್ಟದ ಜಾಗದಲ್ಲಿ.

ಕಿವಿಗೆ ಹೆಸರು ಮೊದಲು ಬರುವುದೇ ಸರಿ. ಮಾತು ಹರಿದು ಹೋಗುತ್ತದೆ, ಕೊನೆಗೆ ‘ಆಯ್ಕೆಯಾಗಿದೆ’ ಎಂದು ಕೇಳಿದರೆ ಸಾಕು. ಬ್ರೈಲಿನಲ್ಲಿ ಹಾಗಲ್ಲ. ಪ್ರತಿ ಚುಕ್ಕೆಯನ್ನೂ ವಿದ್ಯುತ್ತಿಗೆ ಬಾಗುವ ಪುಟ್ಟ ಪಟ್ಟಿಯೊಂದು ಎತ್ತಿ ಹಿಡಿಯಬೇಕು. ಆದ್ದರಿಂದಲೇ 40 ಸೆಲ್‌ಗಳ ಯಂತ್ರದ ಬೆಲೆ ಸಾಮಾನ್ಯವಾಗಿ ಲಕ್ಷ ರೂಪಾಯಿ ದಾಟುತ್ತದೆ. ಇಷ್ಟು ದುಬಾರಿಯಾದ ಜಾಗದಲ್ಲಿ ಎಡತುದಿಯೇ ಬೆರಳಿನ ಮನೆ. ಸ್ಥಿತಿ ಅಲ್ಲಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಸರು ಹಿಡಿದು ಹುಡುಕುವ ಅನುಭವಿಗಳು ಇದನ್ನು ಒಪ್ಪುವುದಿಲ್ಲ. ಅವರಿಗಾಗಿ ಕ್ರಮ ಬದಲಿಸುವ ಆಯ್ಕೆ ಇರಲಿ.

ಗುರುತಿನ ಆಕಾರದಲ್ಲಿ ಒಳ್ಳೆಯ ಕೆಲಸ ಆಗಿದೆ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಚೆಕ್ ಬಾಕ್ಸನ್ನು ಮೂರು ಸೆಲ್‌ಗಳ ಚಿತ್ರವಾಗಿ ತೋರಿಸುತ್ತದೆ. ಎಡಕ್ಕೊಂದು ಆವರಣ, ಬಲಕ್ಕೊಂದು ಆವರಣ. ಗುರುತು ಹಾಕಿದ್ದರೆ ನಡುವಿನ ಸೆಲ್ಲಿನ ಎಂಟೂ ಚುಕ್ಕೆಗಳು ಏಳುತ್ತವೆ, ಇಲ್ಲದಿದ್ದರೆ ತಳದ 7 ಮತ್ತು 8 ಮಾತ್ರ. ಒತ್ತಿದ ಬಟನ್ನಿಗೆ ಇದೇ ಚಿತ್ರ, ಆವರಣ ಮಾತ್ರ ದುಂಡಗೆ. ತುಂಬಿದ ಪೆಟ್ಟಿಗೆ, ಬರಿದಾದ ಪೆಟ್ಟಿಗೆ: ಯಾವ ಭಾಷೆಯ ಬೆರಳಿಗೂ ಅರ್ಥವಾಗುತ್ತದೆ. ಆರು ಚುಕ್ಕೆಗಳ ಪುಸ್ತಕ ಓದಿ ಬೆಳೆದವರ ಬೆರಳು ತಳದ ಸಾಲಿಗೆ ಇಳಿಯುವುದಿಲ್ಲ, ಅದನ್ನು ಎರಡು ದಿನ ಕೈಹಿಡಿದು ಕಲಿಸಬೇಕಾಗುತ್ತದೆ.

ಬೇರೆ ಸ್ಥಿತಿಗಳಿಗೆ ಈ ಭಾಗ್ಯ ಬಂದಿಲ್ಲ. ತೆರೆದ ಪಟ್ಟಿಗೆ ಕಳೆಯುವ ಚಿಹ್ನೆ, ಮುಚ್ಚಿದ್ದಕ್ಕೆ ಕೂಡುವ ಚಿಹ್ನೆ. ಕಳೆಯುವ ಚಿಹ್ನೆ ಬೆರಳಿಗೆ 3 ಮತ್ತು 6ನೇ ಚುಕ್ಕೆ, ‘ಶಿರಸಿ-ಕುಮಟಾ’ದ ನಡುವಿನ ಅಡ್ಡಗೆರೆಯೂ ಅದೇ. ಪಟ್ಟಿ ತೆರೆದಿದೆಯೋ, ಊರಿನ ಹೆಸರು ಮುಂದುವರಿದಿದೆಯೋ?

ಇನ್ನು ಬಟನ್ನಿಗೆ, ಕೊಂಡಿಗೆ (ಲಿಂಕ್) ಬಳಸುವ ‘btn’, ‘lnk’ ಎಂಬ ಇಂಗ್ಲಿಷ್ ಸಂಕ್ಷೇಪಗಳು. ಭಾರತೀಯ ಭಾಷೆಗಳಿಗೆ ಸಾಮಾನ್ಯವಾದ ಭಾರತಿ ಬ್ರೈಲಿನಲ್ಲಿ ಅವೇ ಚುಕ್ಕೆಗಳಿಗೆ ನಮ್ಮ ಅಕ್ಷರಗಳಿವೆ. ಕನ್ನಡ ಬ್ರೈಲ್ ಮಾತ್ರ ಕಲಿತವರಿಗೆ ಬಟನ್ನಿನ ಸಂಕ್ಷೇಪ ‘ಬತನ’ ಎಂದೂ ಕೊಂಡಿಯದು ‘ಲನಕ’ ಎಂದೂ ಓದಿಸಿಕೊಳ್ಳುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳು ‘ಬತನ’ವನ್ನು ಯಾವುದೋ ಊರೆಂದು ತಿಳಿದು ವಾರಗಟ್ಟಲೆ ಗೊಂದಲಪಟ್ಟಿದ್ದಳು. ಅದರ ಬದಲು ‘ಗುಂ’, ‘ಕೊಂ’ ಎಂದಿಟ್ಟರೆ ಗುಂಡಿಯೂ (ಬಟನ್) ಕೊಂಡಿಯೂ ಅದೇ ಮೂರು ಸೆಲ್‌ಗಳಲ್ಲಿ ಕುಳಿತುಕೊಳ್ಳುತ್ತವೆ. ಎನ್‌ವಿಡಿಎ ಮುಕ್ತ ತಂತ್ರಾಂಶ, ಈ ಸಂಕ್ಷೇಪಗಳನ್ನು ಅನುವಾದಕರೇ ತಿದ್ದಬಹುದು. ಅದಕ್ಕೆ ಕನ್ನಡ ಬ್ರೈಲ್ ಓದುವವರು ಜೊತೆಗೆ ಕೂರಬೇಕು.

ಆ ಅರ್ಜಿಯ ಪುಟವನ್ನು ನಮ್ಮಲ್ಲೇ ಅಭ್ಯಾಸಕ್ಕಾಗಿ ಮತ್ತೆ ಕಟ್ಟಿದೆವು. ಉದ್ದನೆಯ ಪ್ರಮಾಣವಾಕ್ಯವನ್ನು ಪೆಟ್ಟಿಗೆಯ ಮೇಲೆ ಬರೆದು, ಪೆಟ್ಟಿಗೆಗೆ ‘ಒಪ್ಪಿಗೆ’ ಎಂದಷ್ಟೇ ಹೆಸರಿಟ್ಟೆವು. ಹೆಸರಿಗೆ ಏಳು ಸೆಲ್, ಚೆಕ್ ಬಾಕ್ಸಿನ ಸಂಕ್ಷೇಪಕ್ಕೆ ಮೂರು, ಗುರುತಿಗೆ ಮೂರು, ನಡುವಿನ ಎರಡು ಖಾಲಿ ಸೆಲ್‌ಗಳೂ ಸೇರಿ ಒಟ್ಟು ಹದಿನೈದು. ಹುಡುಗ ಬಲಗೈಯಲ್ಲಿ ಸ್ಪೇಸ್ ಒತ್ತಿದ. ಎಡಗೈಯ ತೋರುಬೆರಳಿನಡಿ ಆರು ಚುಕ್ಕೆಗಳು ಒಮ್ಮೆಲೇ ಎದ್ದವು.