ದೃಶ್ಯಭಾರ: ಗೋಡೆ, ಅಂಗಡಿ ಷಟರ್‌ಗಳ ಚಿತ್ರದಲ್ಲಿ ಸಮತೋಲ

ಛಾಯಾಚಿತ್ರದ ಚೌಕಟ್ಟಿನೊಳಗೆ ಒಂದು ಅಂಶವು ನೋಡುವವರ ಕಣ್ಣನ್ನು ತನ್ನತ್ತ ಸೆಳೆದುಕೊಳ್ಳುವ ಬಲವನ್ನು ದೃಶ್ಯಭಾರ ಎನ್ನುತ್ತಾರೆ. ಗಾತ್ರವೊಂದೇ ಇದನ್ನು ನಿರ್ಧರಿಸುವುದಿಲ್ಲ. ಬಣ್ಣ, ಹೊಳಪು, ಇರುವ ಜಾಗ ಇವೆಲ್ಲವೂ ಸೇರುವುದರಿಂದ, ಮಾಸಿದ ದೊಡ್ಡ ಗೋಡೆಗಿಂತ ಅದರ ಮೇಲಿನ ಸಣ್ಣ ಕೆಂಪು ಗುರುತೇ ಹೆಚ್ಚು ತೂಗಬಹುದು.

ದಾವಣಗೆರೆಯ ಮಂಡಿಪೇಟೆಯಲ್ಲಿ ಅಂಗಡಿಗಳು ತೆರೆಯುವ ಮುನ್ನ ಯಾವುದಾದರೊಂದು ರೋಲಿಂಗ್ ಷಟರಿನ ಎದುರು ನಿಂತರೆ ಇದು ಮನದಟ್ಟಾಗುತ್ತದೆ. ಷಟರಿನ ಪಟ್ಟಿಗಳು ಒಂದರ ಕೆಳಗೊಂದು ಅಡ್ಡಗೆರೆಗಳಾಗಿ ಚೌಕಟ್ಟನ್ನು ತುಂಬಿರುತ್ತವೆ. ಪೂಜೆಯ ದಿನ ಬಳಿದ ವಿಭೂತಿಯ ಮೂರು ಪಟ್ಟೆಗಳು ಆ ಗೆರೆಗಳ ದಿಕ್ಕಿನಲ್ಲೇ ಸಾಗುವುದರಿಂದ ವಿನ್ಯಾಸದೊಳಗೆ ಬೆರೆತುಹೋಗುತ್ತವೆ. ಅವುಗಳ ನಡುವಿನ ಕುಂಕುಮದ ಬೊಟ್ಟು ಮಾತ್ರ ಗೆರೆಗಳ ಓಟವನ್ನು ತಡೆದು ಕಣ್ಣನ್ನು ಅಲ್ಲೇ ನಿಲ್ಲಿಸುತ್ತದೆ. ಬೊಟ್ಟನ್ನು ನಟ್ಟನಡುವೆ ಇಟ್ಟರೆ ಚಿತ್ರ ಸ್ಥಿರವಾಗುತ್ತದೆ, ಜೊತೆಗೆ ತುಸು ಜಡವೂ ಆಗುತ್ತದೆ. ಅದನ್ನು ಎಡ ಮೇಲ್ಭಾಗಕ್ಕೆ ಬರುವಂತೆ ಮಾಡಿ, ಬಲಬದಿಯ ಕೆಳಗಿನ ಬೀಗವನ್ನೂ ಸೇರಿಸಿಕೊಂಡರೆ, ನಡುವಿನ ಖಾಲಿ ಪಟ್ಟಿಗಳು ತಕ್ಕಡಿಯ ದಂಡದಂತೆ ಎರಡೂ ಭಾರಗಳನ್ನು ಹಿಡಿದಿಡುತ್ತವೆ. ಸಮತೋಲವೆಂದರೆ ಎರಡು ಬದಿಯೂ ಒಂದೇ ಆಗಿರಬೇಕೆಂದಲ್ಲ.

ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ, ಮುಖ್ಯ ಅಂಶವನ್ನು ಆ ಪಾಲುಗೆರೆಗಳ ಮೇಲೆ ಇಡುವ ನಿಯಮವನ್ನು ಇಲ್ಲಿಗೂ ಅನೇಕರು ಅನ್ವಯಿಸುತ್ತಾರೆ. ಇಂಗ್ಲೆಂಡಿನ ಚಿತ್ರಕಾರ ಜಾನ್ ಥಾಮಸ್ ಸ್ಮಿತ್ 1797ರಲ್ಲಿ ಆ ನಿಯಮವನ್ನು ಹೆಸರಿಸಿದ್ದು ಭೂದೃಶ್ಯಗಳ ಕುರಿತು ಬರೆಯುವಾಗ. ಕ್ಷಿತಿಜವೇ ಇಲ್ಲದ ಷಟರಿಗೆ ಅದನ್ನು ಕಡ್ಡಾಯವೆಂದು ಭಾವಿಸಬೇಕಿಲ್ಲ ಎಂದು ನನಗನ್ನಿಸುತ್ತದೆ.

ಗೆರೆಯ ದಿಕ್ಕಿಗೂ ಭಾರವಿದೆ. ಅಡ್ಡಗೆರೆ ಶಾಂತವಾಗಿ ಕಂಡರೆ ಓರೆಗೆರೆ ಚಲನೆಯನ್ನು ಸೂಚಿಸುತ್ತದೆ. ಫುಟ್‌ಪಾತಿನ ಇಂಟರ್‌ಲಾಕ್ ಟೈಲ್ಸ್ ಮೇಲೆ ಸಂಜೆ ವಿದ್ಯುತ್ ಕಂಬದ ನೆರಳು ಉದ್ದಕ್ಕೆ ಬಿದ್ದಾಗ, ಒಂದೇ ಬಗೆಯಾಗಿ ಮರುಕಳಿಸುವ ಟೈಲ್ಸ್‌ಗಳ ವಿನ್ಯಾಸವನ್ನು ಆ ಒಂದೇ ಓರೆಗೆರೆ ಎಬ್ಬಿಸಿಬಿಡುತ್ತದೆ. ನೆರಳು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನೇರ ಹಾಯ್ದರೆ ಚಿತ್ರ ಎರಡು ಹೋಳಾದಂತೆ ಕಾಣುವುದರಿಂದ, ಮೂಲೆಯಿಂದ ಕೊಂಚ ಈಚೆಗೆ ಅದು ಪ್ರವೇಶಿಸುವಂತೆ ನಿಲ್ಲುವುದು ಒಳ್ಳೆಯದು.

ಇಂಥ ಚಿತ್ರಗಳಲ್ಲಿ ಸಣ್ಣ ವಾಲುವಿಕೆಯೂ ಬೇಗ ಕಣ್ಣಿಗೆ ಬೀಳುತ್ತದೆ, ಏಕೆಂದರೆ ಪ್ರತಿಯೊಂದು ಗೆರೆಯೂ ಅದನ್ನೇ ಮತ್ತೆ ಮತ್ತೆ ತೋರಿಸುತ್ತದೆ. ಮೊಬೈಲಿನ ವೈಡ್ ಲೆನ್ಸ್ ಅಂಚಿನ ಗೆರೆಗಳನ್ನು ಬಾಗಿಸಬಹುದಾದ್ದರಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ಮುಖ್ಯ ಲೆನ್ಸಿನಲ್ಲೇ, ಫೋನನ್ನು ಗೋಡೆಗೆ ಸಮಾನಾಂತರವಾಗಿ ಹಿಡಿದು ತೆಗೆಯಬೇಕು. ಬೀದಿ ಇಳಿಜಾರಾಗಿದ್ದರೆ ಪರದೆಯ ಗ್ರಿಡ್ ಗೆರೆಯನ್ನು ನೆಲಕ್ಕೆ ಹೊಂದಿಸದೆ ಷಟರಿನ ಪಟ್ಟಿಗೇ ಹೊಂದಿಸಬೇಕು.