ಅಂಗಿಗೆ ಗುಂಡಿಯಿಲ್ಲದ ಗೊಂಬೆಗಳು

ರಾಕ್ ಹಾಡಿನ ವಿಡಿಯೊಗೆ ಕಂಪ್ಯೂಟರ್ ಆ್ಯನಿಮೇಷನ್ ತಂದವರಲ್ಲಿ ಮೊದಲಿಗರು ಯಾರು? ಈ ಮಾತು ಎತ್ತಿದರೆ ಜಗಳ ಮುಗಿಯುವುದೇ ಇಲ್ಲ. ಒಬ್ಬರು 1985ರ ‘ಮನಿ ಫಾರ್ ನಥಿಂಗ್’ ಅನ್ನುತ್ತಾರೆ. ಇನ್ನೊಬ್ಬರು ಅದರ ಹಿಂದಿನ ವರ್ಷದ, ದಿ ಕಾರ್ಸ್ ತಂಡದ ‘ಯು ಮೈಟ್ ಥಿಂಕ್’ ಕಡೆ ಕೈ ತೋರಿಸುತ್ತಾರೆ. ಕಂಪ್ಯೂಟರ್ ಮಾಡಿದ್ದು ಅಂದರೆ ಏನು ಅನ್ನುವುದರಲ್ಲೇ ಇಬ್ಬರ ಲೆಕ್ಕ ಬೇರೆ.

ಪ್ರಯೋಗಾಲಯದಲ್ಲಿ ಹುಟ್ಟಿದ ಈ ವಿದ್ಯೆ ಜಾಹೀರಾತಿಗೆ ಬಂತು, 1982ರಲ್ಲಿ ‘ಟ್ರಾನ್’ ಸಿನಿಮಾಕ್ಕೂ ಬಂತು. ಅಷ್ಟರಲ್ಲಿ ಅಮೆರಿಕದಲ್ಲಿ ಎಂಟಿವಿ ಶುರುವಾಗಿತ್ತು, 1981ರ ಆಗಸ್ಟ್ 1ಕ್ಕೆ. ಹಗಲೂ ರಾತ್ರಿ ಹಾಡು ತೋರಿಸುವ ಚಾನೆಲ್‌ಗೆ ಹೊಸ ವಿಡಿಯೊ ಎಷ್ಟಿದ್ದರೂ ಸಾಲದು, ಅಲ್ವಾ?

ಆಗ ಬಳಕೆಯಲ್ಲಿದ್ದ ಯಂತ್ರಗಳು ಎರಡು ಬಗೆಯವು. ಇಂಗ್ಲೆಂಡಿನ ಕ್ವಾಂಟೆಲ್ ಕಂಪನಿಯ ಪೇಂಟ್‌ಬಾಕ್ಸ್ ಒಂದು ಬಗೆ. ಹಲಗೆಯ ಮೇಲೆ ಪೆನ್ನು ಆಡಿಸಿದರೆ ಟಿವಿ ಚಿತ್ರದ ಮೇಲೆ ಬಣ್ಣ ಕೂರುತ್ತದೆ. ಬಳಿಯುವುದು ಮನುಷ್ಯನ ಕೈಯೇ, ಒಂದೊಂದೇ ಫ್ರೇಮು. ‘ಯು ಮೈಟ್ ಥಿಂಕ್’ನಲ್ಲಿ ಗಾಯಕ ನೊಣವಾಗಿ ಹಾರಿದ್ದು ಈ ದಾರಿಯಲ್ಲಿ. 1984ರಲ್ಲಿ ಎಂಟಿವಿ ಮೊದಲ ಸಲ ಕೊಟ್ಟ ‘ವರ್ಷದ ವಿಡಿಯೊ’ ಪ್ರಶಸ್ತಿಯನ್ನು ಅದು ಮೈಕಲ್ ಜಾಕ್ಸನ್‌ರ ‘ಥ್ರಿಲ್ಲರ್’ ಅನ್ನೇ ಸೋಲಿಸಿ ಗೆದ್ದಿತು. ಬಾಷ್ ಎಫ್‌ಜಿಎಸ್-4000 ಇನ್ನೊಂದು ಬಗೆ. ಇದರಲ್ಲಿ ಆಕಾರವನ್ನೇ ಯಂತ್ರದೊಳಗೆ ಕಟ್ಟಿ, ಬೇಕಾದ ಕಡೆಯಿಂದ ನೋಡಬಹುದು.

ಡೈರ್ ಸ್ಟ್ರೇಟ್ಸ್ ತಂಡದ ‘ಮನಿ ಫಾರ್ ನಥಿಂಗ್’ ಎರಡನ್ನೂ ಬಳಸಿತು. ತಮಾಷೆ ಏನೆಂದರೆ, ಹಾಡಿನಲ್ಲಿ ಎಂಟಿವಿ ತಾರೆಯರನ್ನು ಗೇಲಿ ಮಾಡುವವರು ಫ್ರಿಜ್, ಓವನ್ ಹೊರುವ ಕೆಲಸಗಾರರು. ಹಾಡು ಬರೆದ ಮಾರ್ಕ್ ನಾಫ್ಲರ್‌ಗೆ ಇಂಥ ವಿಡಿಯೊ ಬೇಡವೇ ಆಗಿತ್ತು. ನಿರ್ದೇಶಕ ಸ್ಟೀವ್ ಬ್ಯಾರನ್ ಒಪ್ಪಿಸಿದರು. ಇಯಾನ್ ಪಿಯರ್ಸನ್, ಗ್ಯಾವಿನ್ ಬ್ಲೇರ್ ಸೇರಿ ಡಬ್ಬಿ ಜೋಡಿಸಿದ ಹಾಗಿರುವ ಆ ಕೆಲಸಗಾರರನ್ನು ಕಟ್ಟಿದರು. ವೇದಿಕೆಯ ದೃಶ್ಯಗಳಿಗೆ ಮಾತ್ರ ಗಿಟಾರಿನ ಅಂಚಿಗೆಲ್ಲ ಹೊಳೆಯುವ ಬಣ್ಣ, ಅದು ಪೇಂಟ್‌ಬಾಕ್ಸ್ ಕೆಲಸ. ಗೊಂಬೆಗಳ ಅಂಗಿಗೆ ಗುಂಡಿ ಹಾಕುವ ಆಸೆಯೂ ಇತ್ತಂತೆ. ಅಷ್ಟರಲ್ಲಿ ದುಡ್ಡು ಮುಗಿಯಿತು. ಮುಗಿದದ್ದೇ ಒಳ್ಳೆಯದಾಯಿತು ಅಂತ ನನಗನ್ನಿಸುತ್ತದೆ. ಗುಂಡಿ ಇದ್ದಿದ್ದರೆ ಅವು ಸುಮ್ನೆ ಅರೆಬೆಂದ ಮನುಷ್ಯರಾಗುತ್ತಿದ್ದವು.

ಅದೇ 1985ರಲ್ಲಿ ಮಿಕ್ ಜಾಗರ್ ಅವರ ‘ಹಾರ್ಡ್ ವುಮನ್’ಗೆ ಕ್ರೇ ಎಕ್ಸ್-ಎಂಪಿ ಸೂಪರ್ ಕಂಪ್ಯೂಟರನ್ನೇ ಹೂಡಿದರು. ಇವತ್ತು ಅದನ್ನು ನೆನೆಯುವವರು ಕಡಿಮೆ.

ಯಾವುದು ಕಂಪ್ಯೂಟರ್ ಕೆಲಸ, ಯಾವುದಲ್ಲ ಅನ್ನುವ ಗೋಜಲು ಜಾಸ್ತಿಯಾಗಿದ್ದೂ ಆ ವರ್ಷವೇ. ಬ್ಯಾರನ್ ಅವರೇ ನಿರ್ದೇಶಿಸಿದ, ಆ-ಹಾ ತಂಡದ ‘ಟೇಕ್ ಆನ್ ಮಿ’ ವಿಡಿಯೊದ ಪೆನ್ಸಿಲ್ ಲೋಕ ಪೂರ್ತಿ ಕೈಯಲ್ಲಿ ಬರೆದದ್ದು. ಕಂಪ್ಯೂಟರ್ ಮನುಷ್ಯ ಅಂತ ಹೆಸರಾದ ಟಿವಿ ಪಾತ್ರ ಮ್ಯಾಕ್ಸ್ ಹೆಡ್‌ರೂಮ್, ನಿಜಕ್ಕೂ ಮುಖಕ್ಕೆ ರಬ್ಬರ್ ಮೆತ್ತಿಕೊಂಡ ನಟ. ‘ಕ್ರೈ’ ಹಾಡಿನಲ್ಲಿ ಒಂದು ಮುಖ ಇನ್ನೊಂದಾಗುವುದು ಬರೀ ವಿಡಿಯೊ ಮಿಕ್ಸಿಂಗ್, ಅಂದರೆ ಒಂದು ಚಿತ್ರದೊಳಗೆ ಇನ್ನೊಂದನ್ನು ಬೆರೆಸುವುದು. ಕಂಪ್ಯೂಟರ್ ನಿಜವಾಗಿ ಮುಖ ಕರಗಿಸಿ ತೋರಿಸಿದ್ದು 1991ರ ಜಾಕ್ಸನ್ ಹಾಡು ‘ಬ್ಲ್ಯಾಕ್ ಆರ್ ವೈಟ್’ನಲ್ಲಿ. ನಮ್ಮಲ್ಲಿಗೆ ಸ್ಟಾರ್ ಟಿವಿ ಜತೆ ಎಂಟಿವಿ ಬಂದದ್ದೂ ಅದೇ ವರ್ಷ. ಹಾಗಾಗಿ ನಮ್ಮಲ್ಲಿ ಎಷ್ಟೋ ಜನಕ್ಕೆ ಹಳೆಯದೂ ಹೊಸದೂ ಒಟ್ಟಿಗೇ ಸಿಕ್ಕಿತು.

ಪಿಯರ್ಸನ್, ಬ್ಲೇರ್ ಮುಂದೆ ಕೆನಡಾಕ್ಕೆ ಹೋಗಿ, 1994ರಲ್ಲಿ ‘ರೀಬೂಟ್’ ಧಾರಾವಾಹಿ ತಂದ ತಂಡದಲ್ಲಿದ್ದರು. ಅರ್ಧ ಗಂಟೆಯ ಕಂತು, ಪೂರ್ತಿ ಕಂಪ್ಯೂಟರಿನಲ್ಲೇ ಮಾಡಿದ್ದು. ಕತೆ ನಡೆಯುವುದೂ ಕಂಪ್ಯೂಟರಿನ ಒಳಗೇ. ಅಲ್ಲಿ ಎಲ್ಲವೂ ಡಬ್ಬಿ ಡಬ್ಬಿಯಾಗಿ ಕಂಡರೆ ಯಾರು ಕೇಳುತ್ತಾರೆ?