ಅವರ ಕೀ, ನಿಮ್ಮ ಬಾಗಿಲು

ಹೋಂಸ್ಟೇ ನಡೆಸುವ ಗೆಳೆಯರೊಬ್ಬರು ಗಾಬರಿಯಿಂದ ಫೋನ್ ಮಾಡಿದರು. ಅವರ ವೆಬ್‌ಸೈಟ್ ತೆರೆದರೆ ಯಾವುದೋ ಜೂಜಿನ ಪುಟ ಬರುತ್ತಿತ್ತು. ಸರಿ ಮಾಡಿಕೊಡಲು ಒಪ್ಪಿದ ಹುಡುಗ ಮೊದಲು ಕೇಳಿದ್ದೇ ಸರ್ವರ್ ಪಾಸ್‌ವರ್ಡ್. "ಇವನೇ ಕಳ್ಳ ಇರಬಹುದಾ?" ಅಂತ ಅವರಿಗೆ ಅನುಮಾನ.

ಒಳಗೆ ಬಿಡಿ ಅಂತ ಕೇಳಿದ್ದು ತಪ್ಪಲ್ಲ. ವರ್ಡ್‌ಪ್ರೆಸ್ ಸೈಟಿನಲ್ಲಿ ಫೋಟೋಗಳಿರಬೇಕಾದ ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಗುರುತಿಲ್ಲದ ಪಿಎಚ್‌ಪಿ ಫೈಲ್, ಅಂದರೆ ಸರ್ವರಿನಲ್ಲಿ ಓಡುವ ಪ್ರೋಗ್ರಾಂ, ಕೂತಿದ್ದರೆ, ಬಹಳ ಸಲ ಅದೇ ಕಳ್ಳನ ಹಿತ್ತಿಲ ಬಾಗಿಲು. ಹೊರಗೆ ನಿಂತು ಅದನ್ನು ಹುಡುಕಲು ಆಗಲ್ಲ. ಆದರೆ ಒಳಗೆ ಬಿಡಬೇಕೆಂದರೆ ಪಾಸ್‌ವರ್ಡನ್ನೇ ಕೊಡಬೇಕು ಅಂತ ಜನ ನಂಬಿದ್ದಾರಲ್ಲ, ಅದು ನನಗೆ ತುಂಬಾ ಬೇಜಾರು. ವಾಟ್ಸಾಪ್‌ನಲ್ಲಿ ಕಳಿಸಿದ ಪಾಸ್‌ವರ್ಡ್ ಇಬ್ಬರ ಫೋನಿನಲ್ಲೂ ಉಳಿದುಬಿಡುತ್ತದೆ.

ಇದಕ್ಕೆ ದಾರಿ ಸಿಕ್ಕಿದ್ದು 1995ರಲ್ಲಿ, ಫಿನ್ಲೆಂಡಿನಲ್ಲಿ. ಆಗ ದೂರದ ಕಂಪ್ಯೂಟರಿಗೆ ಟೆಲ್ನೆಟ್ ಅನ್ನುವ ಪ್ರೋಗ್ರಾಂನಲ್ಲಿ ಲಾಗಿನ್ ಆದರೆ ಪಾಸ್‌ವರ್ಡ್ ಪೋಸ್ಟ್‌ಕಾರ್ಡಿನಲ್ಲಿ ಬರೆದ ಹಾಗೆ ತಂತಿಯಲ್ಲಿ ಹೋಗುತ್ತಿತ್ತು. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಅವನ್ನು ಕದ್ದು ಕೂಡಿಹಾಕಿದ್ದರು. ಅಲ್ಲಿದ್ದ ತಾತು ಯೂಲೊನೆನ್ ಕೂತು, ಎಲ್ಲವನ್ನೂ ಗುಪ್ತಲಿಪಿಯಲ್ಲಿ ಕಳಿಸುವ ಎಸ್‌ಎಸ್‌ಎಚ್ ಅನ್ನುವ ಲಾಗಿನ್ ಪ್ರೋಗ್ರಾಂ ಬರೆದರು. ಸರ್ವರಿನಲ್ಲಿ ಒಂದೊಂದು ಸೇವೆಗೂ ಒಂದು ಬಾಗಿಲು ನಂಬರ್ ಇರುತ್ತದೆ, ಅದೇ ಪೋರ್ಟ್. ಫೈಲ್ ಕಳಿಸುವ ಎಫ್‌ಟಿಪಿಗೆ 21, ಟೆಲ್ನೆಟ್‌ಗೆ 23ನೇ ಪೋರ್ಟ್ ಇತ್ತು. ನಡುವಿನ 22 ಖಾಲಿ ಇತ್ತು, ಅದನ್ನೇ ಕೇಳಿ ಪಡೆದರು. ಇವತ್ತಿಗೂ ಅದೇ ನಂಬರ್!

ಇದರ ಸೊಗಸು ಇರುವುದು ಜೋಡಿ ಕೀಯಲ್ಲಿ. ರಿಪೇರಿಯವನು ತನ್ನ ಕಂಪ್ಯೂಟರಿನಲ್ಲಿ ಎರಡು ಕೀ ಮಾಡಿಕೊಳ್ಳುತ್ತಾನೆ. ಪ್ರೈವೇಟ್ ಕೀ ಅವನ ಹತ್ತಿರವೇ ಇರುತ್ತದೆ. ಪಬ್ಲಿಕ್ ಕೀ ನಿಮಗೆ ಕಳಿಸುತ್ತಾನೆ, ನೀವು ಅದನ್ನು ಸರ್ವರಿನ ಒಂದು ಫೈಲಿಗೆ ಸೇರಿಸುತ್ತೀರಿ. ಎಡ್25519 ಅನ್ನುವ ಬಗೆಯ ಕೀ ಆದರೆ ಅದು ಎಎಎಎಸಿ3 ಅಂತ ಶುರುವಾಗುವ 68 ಅಕ್ಷರ, ಒಂದೇ ಸಾಲು. ಬ್ಯಾಂಕಿನಲ್ಲಿ ಇಟ್ಟಿರುವ ಮಾದರಿ ಸಹಿ ಇದ್ದ ಹಾಗೆ ಅಂದುಕೊಳ್ಳಿ. ಬ್ಯಾಂಕಿನ ಮಾದರಿ ನೋಡಿ ಚಾಲಾಕಿಗಳು ಸಹಿ ನಕಲು ಮಾಡಬಹುದು. ಆದರೆ ಪಬ್ಲಿಕ್ ಕೀ ಸಹಿ ಪರೀಕ್ಷಿಸಲು ಮಾತ್ರ ಬರುತ್ತದೆ, ಸಹಿ ಹಾಕಲು ಪ್ರೈವೇಟ್ ಕೀಯೇ ಬೇಕು. ಊರಿಗೆಲ್ಲ ಹಂಚಿದರೂ ಚಿಂತೆಯಿಲ್ಲ. ಮತ್ತೊಂದು ವಿಶೇಷ: ಪ್ರತಿ ಸಲ ಬಾಗಿಲು ತಟ್ಟಿದಾಗಲೂ ಹೊಸ ಚೆಕ್, ಹೊಸ ನಂಬರ್. ಆ ನಂಬರಿಗೆ ತಕ್ಕಂತೆ ಸಹಿಯೂ ಬದಲಾಗುತ್ತದೆ. ನಿನ್ನೆಯ ಸಹಿಯನ್ನು ಕದ್ದವನಿಗೆ ಇವತ್ತು ಅದು ರದ್ದಿ ಕಾಗದ. ಗುಟ್ಟು ಅವನ ಕಂಪ್ಯೂಟರ್ ಬಿಟ್ಟು ಹೊರಗೆ ಬರುವುದೇ ಇಲ್ಲ, ಆದರೂ ಅವನೇ ಅಂತ ಸಾಬೀತಾಗುತ್ತದೆ. ಎಷ್ಟು ಚೆಂದ ಅಲ್ವಾ?

ಕೆಲಸ ಮುಗಿದ ಮೇಲೆ ಆ ಸಾಲು ಅಳಿಸಿದರೆ ಆಯ್ತು. ಹಾಗಂತ ಒಳಗೆ ಬಂದವರು ಏನೂ ನೋಡಲ್ಲ ಅಂತಲ್ಲ. ವರ್ಡ್‌ಪ್ರೆಸ್‌ನ ಕಾನ್ಫಿಗ್ ಫೈಲಿನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಬಿಚ್ಚಿಟ್ಟ ಹಾಗೇ ಇರುತ್ತದೆ. ಅದನ್ನೂ ಆಮೇಲೆ ಬದಲಿಸಬೇಕು.

ಗೆಳೆಯರಿಗೆ ಹೇಳಿದೆ, ಹುಡುಗ ಐದೇ ನಿಮಿಷದಲ್ಲಿ ಪಬ್ಲಿಕ್ ಕೀ ಕಳಿಸಿದ. ಸೇರಿಸೋಣ ಅಂತ ಸರ್ವರಿನ ಆಥರೈಸ್ಡ್ ಕೀಸ್ ಫೈಲ್, ಅಂದರೆ ಒಳಗೆ ಬಿಡಬೇಕಾದವರ ಪಬ್ಲಿಕ್ ಕೀಗಳ ಪಟ್ಟಿ, ತೆರೆದೆವು. ಗೆಳೆಯರು ಅದನ್ನು ಯಾವತ್ತೂ ಮುಟ್ಟಿದವರಲ್ಲ, ಖಾಲಿ ಇರಬೇಕಿತ್ತು. ಅಲ್ಲಿ ಆಗಲೇ ಒಂದು ಸಾಲು ಇತ್ತು.